ಪಹಣಿ ಅಡವಿಟ್ಟು ಹಾರುವವರು

ರೈಲ್ವೆಯ ದಾಖಲೆಯಲ್ಲಿ ಅದರ ಹೆಸರು ಹೈದರಾಬಾದ್ ಡೆಕ್ಕನ್. ಬೀದರಿನಿಂದ, ಕಲಬುರಗಿಯಿಂದ ಬರುವವರಿಗೆ ಅದು ಇಂದಿಗೂ ನಾಂಪಲ್ಲಿ. ಬೀದರಿನ ಇಂಟರ್‌ಸಿಟಿ ಇಲ್ಲಿಗೆ ಬರುತ್ತದೆ. ಮುಂಬೈಯಿಂದ ಹೊರಟು ಕಲಬುರಗಿ, ವಾಡಿ ಹಾದು ಬರುವ ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸೂ ಇಲ್ಲಿಯೇ ನಿಲ್ಲುತ್ತದೆ. ಇಳಿಯುವ ಕನ್ನಡದವರಲ್ಲಿ ದವಾಖಾನೆಗೆ ಬಂದವರು, ಮದುವೆಯ ಬಟ್ಟೆಗೆ ಬಂದವರು, ಕೋರ್ಟಿಗೆ ಬಂದವರು ಇರುತ್ತಾರೆ. ಜನವರಿಯಲ್ಲಾದರೆ ಪಕ್ಕದ ಮೈದಾನದ ನುಮಾಯಿಷ್ ನೋಡಲು ಬಂದವರು. ಅವರ ನಡುವೆ ಇನ್ನೊಂದು ಬಗೆಯ ಜೋಡಿಯೂ ಇರುತ್ತದೆ. ಪಿಯುಸಿ ಮುಗಿಸಿದ ಅಥವಾ ಡಿಗ್ರಿಯ ಕೊನೆಯ ವರ್ಷದಲ್ಲಿರುವ ಮಗ ಇಲ್ಲವೇ ಮಗಳು, ಜೊತೆಗೆ ಅಪ್ಪ. ಮಕ್ಕಳ ಕೈಯಲ್ಲಿ ಅಂಕಪಟ್ಟಿ. ಅಪ್ಪನ ಬಗಲಿನ ಪ್ಲಾಸ್ಟಿಕ್ ಚೀಲದಲ್ಲಿ ಹೊಲದ ಪಹಣಿ.

ಅವರು ನಾಂಪಲ್ಲಿಯಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ಬೇಗಂಪೇಟೆಯಲ್ಲಿ ಇಳಿಯುತ್ತಾರೆ. 2008ರ ಮಾರ್ಚ್‌ನಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ತೆರೆಯುವವರೆಗೂ ಹೈದರಾಬಾದಿನ ವಿಮಾನಗಳೆಲ್ಲ ಏರಿಳಿಯುತ್ತಿದ್ದುದು ಬೇಗಂಪೇಟೆಯಲ್ಲೇ. ಪ್ರಯಾಣಿಕರು ಹೋದ ಮೇಲೂ ಪೈಲಟ್ ತರಬೇತಿಯ ನಂಟು ಆ ಪ್ರದೇಶವನ್ನು ಬಿಟ್ಟಿಲ್ಲ. ಅಲ್ಲಿನ ಯಾವುದಾದರೂ ಕಚೇರಿಯಲ್ಲಿ ಕುಳಿತು ಅಪ್ಪ ದಖನಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ನೌಕರಿ ಪಕ್ಕಾ ಹೈ ನಾ, ಸಾಬ್?"

ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಕೊಡುವ ಅಧಿಕಾರ ಆ ಕಚೇರಿಯಲ್ಲಿ ಕುಳಿತವರಿಗಿಲ್ಲ. ಅವರು ಹಾರುವುದನ್ನು ಕಲಿಸುತ್ತಾರೆ, ನೌಕರಿ ಕೊಡುವವರು ಬೇರೆ. ಇವರಿಬ್ಬರ ನಡುವಿನ ಕಂದಕವನ್ನು ಇಂದು ಮುಚ್ಚುತ್ತಿರುವುದು ಮನೆಯ ಹೊಲ, ಅಜ್ಜಿಯ ಬಂಗಾರ, ಅಪ್ಪನ ನಿವೃತ್ತಿಯ ದುಡ್ಡು. ಇಪ್ಪತ್ತರ ಹರೆಯದಲ್ಲಿ ಪೈಲಟ್ ಆಗಹೊರಟವರಿಗೆ ಆಕಾಶದ ಅಪಾಯದ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳುತ್ತಾರೆ. ನೆಲದ ಮೇಲಿನ ಈ ಅಪಾಯದ ಬಗ್ಗೆ ಹೇಳುವವರು ಕಡಿಮೆ.

ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಪರ ಊರಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ, ನಂತರ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದ ಜಿಲ್ಲೆಗಳವು. ವಿಮಾನವೂ ಅವರಿಗೆ ಹೊಸದಲ್ಲ. ಬೀದರಿನ ವಾಯುನೆಲೆಯಲ್ಲಿ ಯುದ್ಧವಿಮಾನದ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಪಳಗುತ್ತಾರೆ. ಸೂರ್ಯಕಿರಣ ತಂಡದ ಮನೆಯೂ ಅದೇ. 2016ರ ಜೂನ್‌ನಲ್ಲಿ ಹೈದರಾಬಾದಿನ ದುಂಡಿಗಲ್ ಅಕಾಡೆಮಿಯಿಂದ ಹೊರಬಂದ ದೇಶದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳು – ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ – ಮುಂದಿನ ತರಬೇತಿಗೆ ಬಂದದ್ದು ಬೀದರಿಗೇ. ಕಬ್ಬಿನ ಗದ್ದೆಯಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಕಸುಬಿದು. ಅದನ್ನು ಆಸೆಪಡುವುದರಲ್ಲಿ ಅತಿ ಏನೂ ಇಲ್ಲ.

ಆ ಕಸುಬಿಗೆ ನಾಗರಿಕ ದಾರಿಯಿಂದ ಹೋಗುವವರು ಮೊದಲು ತಿಳಿಯಬೇಕಾದದ್ದು ಲೈಸೆನ್ಸಿನ ಒಳಗೆ ಏನಿದೆ ಎಂಬುದನ್ನು. ಭೌತಶಾಸ್ತ್ರ, ಗಣಿತ ಓದಿ 12ನೇ ತರಗತಿ ಪಾಸಾಗಿರಬೇಕು. ಓದದವರು ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಬರೆದುಕೊಳ್ಳುತ್ತಾರೆ. ವಯಸ್ಸು 18 ತುಂಬಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಪತ್ರಿಕೆಗಳಲ್ಲಿ – ದಿಕ್ಕು ದಾರಿ ಲೆಕ್ಕ, ಹವಾಮಾನ, ವಾಯು ನಿಯಮ, ತಾಂತ್ರಿಕ ವಿಷಯ – ನೂರಕ್ಕೆ 70 ಬರಬೇಕು. ರೇಡಿಯೊದಲ್ಲಿ ಮಾತಾಡುವುದಕ್ಕೆ ಬೇರೆ ಪರೀಕ್ಷೆ. ವೈದ್ಯಕೀಯದಲ್ಲಿ ಮೊದಲು ಎರಡನೇ ದರ್ಜೆ, ಆಮೇಲೆ ಮೊದಲನೇ ದರ್ಜೆ. ಇಷ್ಟರ ಜೊತೆಗೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತು ತಾನೇ ಹಾರಿಸಿರಬೇಕು; ಊರಿಂದ ಊರಿಗೆ, ರಾತ್ರಿಯಲ್ಲಿ, ಹೊರಗೆ ನೋಡದೆ ಬರೀ ಉಪಕರಣ ನೋಡಿ ಎಂದು ಒಂದೊಂದಕ್ಕೂ ಲೆಕ್ಕವಿದೆ.

ಗಂಟೆಗೆ 15,000 ರೂಪಾಯಿ ಎಂದು ಹಿಡಿದರೆ 200 ಗಂಟೆಗೆ 30 ಲಕ್ಷ. ತರಗತಿಯ ಶುಲ್ಕ, ಹಾಸ್ಟೆಲ್, ಪರೀಕ್ಷೆ, ಎರಡು ಎಂಜಿನ್‌ನ ವಿಮಾನದ ಹಾರಾಟ ಸೇರಿದರೆ ಅರ್ಧ ಕೋಟಿಯ ಹತ್ತಿರ. ಅಲ್ಲಿಗೆ ಕೈಗೆ ಬರುವುದು ಸಣ್ಣ ವಿಮಾನ ಹಾರಿಸುವ ಲೈಸೆನ್ಸ್. ಏರ್‌ಬಸ್ ಅಥವಾ ಬೋಯಿಂಗ್ ಹಾರಿಸಲು ಆ ಮಾದರಿಯದೇ ಬೇರೆ ತರಬೇತಿ ಬೇಕು; ಅದನ್ನೂ ಕೈಯಿಂದ ಕೊಟ್ಟು ಮಾಡುವುದಾದರೆ ಇನ್ನೂ ಹತ್ತಿಪ್ಪತ್ತು ಲಕ್ಷ.

ಬ್ಯಾಂಕಿನಲ್ಲಿ 60 ಲಕ್ಷ ಸಾಲ ಎಂದುಕೊಳ್ಳೋಣ. ಶೇ 10ರ ಬಡ್ಡಿ, 10 ವರ್ಷದ ಅವಧಿ. ತಿಂಗಳ ಕಂತು 79,000 ರೂಪಾಯಿಗೂ ಮೇಲೆ. ವಿಮಾನ ಸಂಸ್ಥೆಯ ಕೆಲಸ ಸಿಕ್ಕರೆ ಅದು ಕಟ್ಟಲಾಗದ ಮೊತ್ತವೇನಲ್ಲ. ಸಿಗದಿದ್ದರೆ? ಬರೀ ಬಡ್ಡಿಯೇ ವರ್ಷಕ್ಕೆ 6 ಲಕ್ಷ. ಒಣಬೇಸಾಯದ ಐದಾರು ಎಕರೆಯಲ್ಲಿ ತೊಗರಿ ಬೆಳೆಯುವ ಮನೆಗೆ ಎಷ್ಟು ಒಳ್ಳೆಯ ಮಳೆಯ ವರ್ಷದಲ್ಲೂ ಅದು ಎಟುಕುವ ದುಡ್ಡಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುವುದು ರೂಢಿ. ಪಹಣಿ ಚೀಲದೊಳಗೆ ಬಂದು ಕೂರುವುದು ಹೀಗೆ.

ಮೇಲಾಗಿ ಪೈಲಟ್ ಲೈಸೆನ್ಸ್ ಇಟ್ಟಲ್ಲಿ ಇರುವ ವಸ್ತುವಲ್ಲ. ಬಿ.ಎ. ಪಾಸಾದವನ ಪದವಿ ಕಪಾಟಿನಲ್ಲಿ ಹತ್ತು ವರ್ಷ ಇದ್ದರೂ ಪದವಿಯೇ. ಪೈಲಟ್ ಹಾಗಲ್ಲ. ವೈದ್ಯಕೀಯ ಪ್ರಮಾಣಪತ್ರವನ್ನು ಮತ್ತೆ ಮತ್ತೆ ನವೀಕರಿಸಬೇಕು, ಉಪಕರಣ ಹಾರಾಟದ ಅರ್ಹತೆಯನ್ನು ಉಳಿಸಿಕೊಳ್ಳಬೇಕು, ಕೈ ತಪ್ಪದಂತೆ ಆಗಾಗ ಹಾರುತ್ತಿರಬೇಕು. ಕೆಲಸವಿಲ್ಲದೆ ಕಾಯುವ ಪ್ರತಿ ವರ್ಷವೂ ದುಡ್ಡು ಕೇಳುತ್ತದೆ. ಅಂಗಡಿ ನಡೆಯದಿದ್ದರೆ ಸರಕು ಮಾರಬಹುದು, ಟ್ರ್ಯಾಕ್ಟರ್ ಸಾಲ ತೀರದಿದ್ದರೆ ಟ್ರ್ಯಾಕ್ಟರನ್ನೇ ಮಾರಬಹುದು. ಹಾರಿ ಮುಗಿಸಿದ 200 ಗಂಟೆಯನ್ನು ಯಾರಿಗೂ ಮಾರಲಾಗದು.

ಈಗ ಬೇಡಿಕೆ ಇದೆಯಲ್ಲ ಎಂಬ ಮಾತು ಬರುತ್ತದೆ. ಇದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಮುಂದಿನ 15–20 ವರ್ಷಗಳಲ್ಲಿ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ಕೇಂದ್ರ ವಿಮಾನಯಾನ ಸಚಿವರೇ ಹೇಳಿದ್ದಾರೆ. ತರಬೇತಿಯ ಜಾಹೀರಾತುಗಳಿಗೆ ಈ ಅಂಕಿಗಳು ಹಬ್ಬದೂಟ. ಅದೇ 2023ರಲ್ಲಿ ಡಿಜಿಸಿಎ ಕೊಟ್ಟ ವಾಣಿಜ್ಯ ಪೈಲಟ್ ಲೈಸೆನ್ಸ್ 1,622. ಹಿಂದಿನ ವರ್ಷ 1,165. ವಿಮಾನಗಳು ಬರುವುದು ದಶಕಕ್ಕೂ ಹೆಚ್ಚು ಕಾಲ ಹಂಚಿಕೊಂಡು. ಲೈಸೆನ್ಸ್ ಪಡೆದವರು ಸಾಲಿನಲ್ಲಿ ನಿಲ್ಲುವುದು ಇವತ್ತೇ. ವಿಮಾನ ಸಂಸ್ಥೆಗಳಿಗೆ ತುರ್ತಾಗಿ ಬೇಕಿರುವುದು ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳು. ನಿನ್ನೆ 200 ಗಂಟೆ ಮುಗಿಸಿದವರ ಸಾಲು ಬೇರೆ, ಅದು ಉದ್ದವಾಗಿದೆ.

ಅಲ್ಲದೆ ಈ ಉದ್ಯಮಕ್ಕೆ ಉಬ್ಬರ ಇದ್ದಂತೆ ಇಳಿತವೂ ಉಂಟು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಕನ್ನಡದ ಮನೆಮನೆಗಳಲ್ಲಿ ಪೈಲಟ್ ಆಗುವ ಮಾತು ಎದ್ದಿತು. ಅದನ್ನು ಕೊಂಡ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಹೈದರಾಬಾದಿನದೇ ಆದ ಟ್ರೂಜೆಟ್ 2020ರ ಫೆಬ್ರವರಿಯಲ್ಲಿ ಬೀದರಿಗೆ ಮೊದಲ ನಾಗರಿಕ ವಿಮಾನ ತಂದಿತು, 2022ರ ಫೆಬ್ರವರಿಯಲ್ಲಿ ಹಾರಾಟವನ್ನೇ ನಿಲ್ಲಿಸಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಮುಗಿಯಿತು. ಪ್ರತಿ ಸಲ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತ ಬೀದಿಗೆ ಬಂದರು. ಹೊಸಬರ ಸರದಿ ಅವರ ಹಿಂದೆ ಹೋಯಿತು. 20ಕ್ಕೆ ತರಬೇತಿಗೆ ಸೇರುವವರು 22ಕ್ಕೆ ಹೊರಬರುವಾಗ ಗಾಳಿ ಯಾವ ಕಡೆ ಬೀಸುತ್ತಿರುತ್ತದೆಂದು ಯಾರೂ ಬರೆದುಕೊಡಲಾರರು.

ಹಾಗಿದ್ದರೆ ಬಡ, ಮಧ್ಯಮ ಮನೆಯ ಮಕ್ಕಳು ಈ ಆಸೆಯನ್ನೇ ಬಿಡಬೇಕೆ? ಬಿಡಬೇಕಿಲ್ಲ ಎಂಬುದಕ್ಕೆ ಹೈದರಾಬಾದಿನಲ್ಲೇ ಸಾಕ್ಷಿಯಿದೆ. ಸೈಯದಾ ಸಲ್ವಾ ಫಾತಿಮಾ ಚಾರ್‌ಮಿನಾರ್ ಬಳಿಯ ಹಳೆ ಪಟ್ಟಣದ ಹುಡುಗಿ, ತಂದೆ ಬೇಕರಿಯ ಕೆಲಸಗಾರ. ನಾಂಪಲ್ಲಿಯಿಂದ ನಡೆದುಹೋಗುವಷ್ಟು ದೂರದ ಅಬಿಡ್ಸ್‌ನಲ್ಲಿರುವ 'ಸಿಯಾಸತ್' ಉರ್ದು ದಿನಪತ್ರಿಕೆಯ ಸಂಪಾದಕ ಜಾಹಿದ್ ಅಲಿ ಖಾನ್ ಅವರ ನೆರವಿನಿಂದ 2007ರಲ್ಲಿ ಆಂಧ್ರಪ್ರದೇಶ ಏವಿಯೇಷನ್ ಅಕಾಡೆಮಿ ಸೇರಿದರು. ಲೈಸೆನ್ಸ್ ಕೈಗೆ ಬಂದದ್ದು 2013ರಲ್ಲಿ. ಮುಂದಿನ ತರಬೇತಿಗೆ ಮತ್ತೆ ದುಡ್ಡಿಲ್ಲ. ತೆಲಂಗಾಣ ರಾಜ್ಯವಾದ ಮೇಲೆ ಅಲ್ಲಿನ ಸರ್ಕಾರ 36 ಲಕ್ಷ ರೂಪಾಯಿ ಮಂಜೂರು ಮಾಡಿತು. ಅನಂತರ ಏರ್‌ಬಸ್‌ನ ಕಾಕ್‌ಪಿಟ್‌ನಲ್ಲಿ ಕುಳಿತರು.

ಈ ಕಥೆಯನ್ನು ಪತ್ರಿಕೆಗಳು ಹೆಣ್ಣುಮಗಳ ಛಲದ ಕಥೆಯಾಗಿ ಹೇಳಿದವು. ಛಲ ಇದ್ದದ್ದು ನಿಜ. ಆದರೆ ಆ ಕಥೆಯ ಲೆಕ್ಕದ ಪುಸ್ತಕವನ್ನೂ ಓದಬೇಕು. ಬೇಕರಿ ಕೆಲಸಗಾರನ ಮನೆಯಲ್ಲಿ ಅಡವಿಡಲು ಏನೂ ಇರಲಿಲ್ಲ. ಅಪಾಯವನ್ನು ಮೊದಲು ಒಬ್ಬ ಸಂಪಾದಕ, ಆಮೇಲೆ ಒಂದು ಸರ್ಕಾರ ಹೊತ್ತುಕೊಂಡದ್ದರಿಂದ ನಡುವಿನ ವರ್ಷಗಳಲ್ಲಿ ಎಲ್ಲಿ ನಿಂತಿದ್ದರೂ ಆ ಮನೆ ಬೀದಿಗೆ ಬೀಳುತ್ತಿರಲಿಲ್ಲ. ಅರ್ಧ ಕೋಟಿಯ ಸಾಲ ತಲೆಯ ಮೇಲಿದ್ದವರಿಗೆ ಅಷ್ಟು ವರ್ಷ ಕಾಯುವ ಅವಕಾಶ ಎಲ್ಲಿದೆ? ಅವರು ಎರಡನೇ ವರ್ಷಕ್ಕೆ ಕಾಲ್ ಸೆಂಟರ್ ಸೇರುತ್ತಾರೆ, ಲೈಸೆನ್ಸ್ ಡ್ರಾಯರ್‌ನಲ್ಲಿ ಉಳಿಯುತ್ತದೆ. ಛಲ ಇಬ್ಬರಿಗೂ ಒಂದೇ. ನಷ್ಟ ಯಾರ ಹೆಗಲಿಗೆ ಬೀಳುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಹಿಂದೆ ಈ ಭಾರ ಹೀಗೆ ಮನೆಯವರ ಮೇಲೆ ಪೂರ್ತಿ ಬೀಳುತ್ತಿರಲಿಲ್ಲ. ಬ್ರಿಟಿಷರ ಕಾಲದಿಂದಲೂ ದೇಶದ ಫ್ಲೈಯಿಂಗ್ ಕ್ಲಬ್‌ಗಳು ಸರ್ಕಾರದ ಸಹಾಯಧನದಲ್ಲಿ ನಡೆದವು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರವೇ ಹಾರಾಟದ ಶಾಲೆ ನಡೆಸಿತು. ಬೇಗಂಪೇಟೆಯಲ್ಲಿ ನಿಜಾಮ ಸರ್ಕಾರವೂ ಟಾಟಾದವರೂ ಕೂಡಿ 1940ರ ದಶಕದಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್ ಇತ್ತು. ಹೆಣ್ಣೆಂಬ ಕಾರಣಕ್ಕೆ ಬೇರೆ ಕಂಪನಿಗಳು ಕೆಲಸ ಕೊಡದಿದ್ದ ಪ್ರೇಮ್ ಮಾಥುರ್ ಅವರನ್ನು ಸೇರಿಸಿಕೊಂಡದ್ದು ಅದೇ ಕಂಪನಿ. ಅವರು ದೇಶದ ಮೊದಲ ಮಹಿಳಾ ವಾಣಿಜ್ಯ ಪೈಲಟ್. 1953ರಲ್ಲಿ ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿತು. ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವ ಧೈರ್ಯವನ್ನು ಆಗ ಸಂಸ್ಥೆಯೊಂದು ತೋರಿತ್ತು ಎಂಬ ನೆನಪು ಉಳಿದಿದೆ.

ಇಂದಿಗೂ ಒಂದು ದಾರಿಯಲ್ಲಿ ಆ ವ್ಯವಸ್ಥೆ ಹಾಗೆಯೇ ಇದೆ. ವಾಯುಪಡೆ ತನ್ನ ಪೈಲಟ್‌ಗಳಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಪದವೀಧರರು 20ರಿಂದ 24ರ ವಯಸ್ಸಿನಲ್ಲಿ ಎಎಫ್‌ಕ್ಯಾಟ್ ಬರೆಯಬಹುದು. ವಾಣಿಜ್ಯ ಲೈಸೆನ್ಸ್ ಇದ್ದವರಿಗೆ 26ರವರೆಗೆ ಅವಕಾಶ. ಆಯ್ಕೆ ಕಠಿಣ, ಸೋತರೆ ಹೋಗುವುದು ಆಸೆಯೊಂದೇ, ಹೊಲವಲ್ಲ. ನಾಗರಿಕ ವಿಮಾನಯಾನದಲ್ಲೂ ಇದು ಅಸಾಧ್ಯವೇನಲ್ಲ. ಬ್ರಿಟಿಷ್ ಏರ್‌ವೇಸ್ 2023ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಆಯ್ಕೆಯಾದವರ ತರಬೇತಿಯ ಖರ್ಚನ್ನು ಪೂರ್ತಿ ಕಂಪನಿಯೇ ಭರಿಸುತ್ತದೆ. ಲುಫ್ತಾನ್ಸಾ ದಶಕಗಳ ಕಾಲ ತರಬೇತಿಯ ಹಣವನ್ನು ತಾನೇ ಮುಂಗಡವಾಗಿ ಹಾಕಿ, ಕೆಲಸಕ್ಕೆ ಸೇರಿದ ಮೇಲೆ ಸಂಬಳದಲ್ಲಿ ಹಿಡಿದುಕೊಂಡಿತು. ಇಲ್ಲಿನ ಕಂಪನಿಗಳ ಕೆಡೆಟ್ ಯೋಜನೆಗಳಲ್ಲಿ ಹೆಸರು ಕಂಪನಿಯದ್ದು, ಖರ್ಚು ವಿದ್ಯಾರ್ಥಿಯದ್ದು; ಅದು ಕೋಟಿ ಮುಟ್ಟುವುದೂ ಉಂಟು.

2025ರ ಡಿಸೆಂಬರ್‌ನಲ್ಲಿ, ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮ ಪೂರ್ತಿ ಜಾರಿಯಾದ ಬೆನ್ನಿಗೇ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ದೇಶದ ಅತಿದೊಡ್ಡ ಸಂಸ್ಥೆಯೂ ಪೈಲಟ್‌ಗಳ ತಲೆಯೆಣಿಕೆಯನ್ನು ಎಷ್ಟು ಬಿಗಿಯಾಗಿ ಇಟ್ಟುಕೊಂಡಿತ್ತೆಂಬುದು ಪ್ರಯಾಣಿಕರಿಗೆ ಅಂದು ಗೊತ್ತಾಯಿತು. ಉದ್ಯಮಕ್ಕೆ ಪೈಲಟ್ ಬೇಕು, ಅವನನ್ನು ತಯಾರಿಸುವ ಖರ್ಚು ಬೇಡ. ಆ ಖರ್ಚು ಹೋಗಿ ಬೀಳುವುದು 21ರ ಹುಡುಗನ ಅಪ್ಪನ ಮೇಲೆ.

ಇದು ಒಂದು ಮನೆಯ ಕಷ್ಟವಾಗಿಯಷ್ಟೇ ಉಳಿಯುವುದಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು. ಹಾರದ ಗಂಟೆಗಳನ್ನು ಹಾರಿದಂತೆ ಬರೆದುಕೊಟ್ಟ ಪ್ರಕರಣಗಳೂ ಹೊರಬಂದವು. ವಂಚನೆಗೆ ವಂಚಕರೇ ಹೊಣೆ. ಆದರೆ ಪ್ರತಿ ಗಂಟೆಯೂ ಬಡ್ಡಿಯ ಲೆಕ್ಕವಾಗುವ ಕಡೆ ಅಡ್ಡದಾರಿಯ ಆಮಿಷ ಹೆಚ್ಚು ಎಂಬುದೂ ಅಷ್ಟೇ ನಿಜ. 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎ ದೇಶದ ಹಾರಾಟ ಶಾಲೆಗಳಿಗೆ ಮೊದಲ ಬಾರಿ ದರ್ಜೆ ಕೊಟ್ಟಿತು. ಆ ಸುತ್ತಿನಲ್ಲಿ ಒಂದಕ್ಕೂ 'ಎ' ಬರಲಿಲ್ಲ. ಅರ್ಧ ಕೋಟಿ ಕೊಟ್ಟು ಕೊಳ್ಳುತ್ತಿರುವ ಸರಕಿನ ಬಗ್ಗೆ ಮಾರುಕಟ್ಟೆಯ ಕಾವಲುಗಾರನೇ ಕೊಟ್ಟ ಅಭಿಪ್ರಾಯ ಅದು.

ಆಗಬೇಕಾದದ್ದು ದೊಡ್ಡ ದಾನವಲ್ಲ. ಸರ್ಕಾರ ತರಬೇತಿ ಸಾಲಕ್ಕೆ ಜಾಮೀನು ನಿಲ್ಲಲಿ. ಕೆಲಸ ಸಿಕ್ಕ ಮೇಲೆ ಸಂಬಳದಿಂದ ಕಂತು ಕಡಿತವಾಗಲಿ, ಸಿಗುವವರೆಗೆ ಬಡ್ಡಿ ಬೆಳೆಯದಿರಲಿ. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯಿದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ, 2019ರ ನವೆಂಬರ್‌ನಲ್ಲಿ ತೆರೆದ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಹಾರಾಟ ತರಬೇತಿಯೂ ಬಂದಿದೆ. ಮೀಸಲಾತಿಯಿಂದ ಮೆಡಿಕಲ್ ಸೀಟು ಪಡೆಯುವ ಆ ಭಾಗದ ಮಕ್ಕಳಿಗೆ ಪಕ್ಕದಲ್ಲೇ ಇರುವ ರನ್‌ವೇ ಮಾತ್ರ ದುಡ್ಡಿದ್ದವರ ಆಟದ ಬಯಲಾಗಿ ಉಳಿದಿದೆ. ವರ್ಷಕ್ಕೆ ಇಪ್ಪತ್ತು ಮಂದಿಗೆ ಜಾಮೀನು ನಿಂತರೂ ಮಂಡಳಿಯ ಬೊಕ್ಕಸ ಅಲುಗಾಡದು.

ಮುಂದೆ ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಬಡವರ ತೆರಿಗೆಯ ದುಡ್ಡು ಏಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಜಾಮೀನಿನಲ್ಲಿ ದುಡ್ಡು ಹೋಗುವುದು ಕೆಲಸ ಸಿಗದಿದ್ದಾಗ ಮಾತ್ರ. ಲಕ್ಷ ಎಣಿಸುವವರು ತಮ್ಮ ಸಾಲ ತಾವೇ ತೀರಿಸುತ್ತಾರೆ. ಸಾಲದ ಅಪಾಯ ಹಂಚಿಕೊಂಡ ಸರ್ಕಾರ ಶಾಲೆಯ ಗುಣಮಟ್ಟವನ್ನೂ ಸೀಟಿನ ಸಂಖ್ಯೆಯನ್ನೂ ತಾನಾಗಿಯೇ ಗಮನಿಸುತ್ತದೆ. ಇಂದು ಹತ್ತಿಪ್ಪತ್ತು ಸೀಟು ಹೆಚ್ಚು ತುಂಬಿದರೆ ಶಾಲೆಗೆ ಲಾಭ, ಕೆಲಸವಿಲ್ಲದೆ ಉಳಿದವರ ನಷ್ಟದಲ್ಲಿ ಅದಕ್ಕೆ ಪಾಲಿಲ್ಲ.

ಅದೆಲ್ಲ ಆಗುವವರೆಗೆ ನಾಂಪಲ್ಲಿಯಲ್ಲಿ ಇಳಿಯುವ ಮಗನೋ ಮಗಳೋ ಏನು ಮಾಡಬೇಕು? ಹೊಲವನ್ನು ಕೊನೆಗೆ ಮುಟ್ಟುವಂತೆ ಹೆಜ್ಜೆಗಳನ್ನು ಜೋಡಿಸಿಕೊಳ್ಳಬೇಕು. ಮೊದಲ ಹೆಜ್ಜೆ ವೈದ್ಯಕೀಯ ಪರೀಕ್ಷೆ. ಕೆಲವು ಸಾವಿರ ರೂಪಾಯಿಯ ಖರ್ಚು. ಬಣ್ಣಗುರುಡಿನಂಥ ದೋಷವಿದ್ದರೆ ಅಲ್ಲೇ ಗೊತ್ತಾಗುತ್ತದೆ. ಶುಲ್ಕ ಕಟ್ಟಿದ ಮೇಲೆ ಅದು ಗೊತ್ತಾಗುವುದು ದುರಂತ. ಎರಡನೆಯದು ಡಿಜಿಸಿಎ ಪತ್ರಿಕೆಗಳು. ಅವನ್ನು ಹಾರಾಟಕ್ಕೆ ಮೊದಲೇ, ಡಿಗ್ರಿ ಓದುತ್ತಲೇ ಬರೆಯಬಹುದು. ಫಲಿತಾಂಶಕ್ಕೆ ಕಾಲಮಿತಿ ಇದೆಯೆಂಬುದನ್ನು ನೆನಪಿಟ್ಟರೆ ಸಾಕು. ಆ ಪತ್ರಿಕೆಗಳಲ್ಲಿ 70 ಬರುವವರೆಗೆ ಯಾವ ಶಾಲೆಗೂ ಲಕ್ಷದ ಚೆಕ್ ಬರೆಯಬಾರದು. ಮೂರನೆಯದು ಡಿಗ್ರಿ. ಇಳಿತದ ವರ್ಷಗಳಲ್ಲಿ ಅನ್ನ ಹಾಕುವುದು ಅದೇ, ಎಎಫ್‌ಕ್ಯಾಟ್‌ನ ಬಾಗಿಲು ತೆಗೆಯುವುದೂ ಅದೇ. ನಾಲ್ಕನೆಯದು ಶಾಲೆಯ ಆಯ್ಕೆ: ಎಷ್ಟು ವಿಮಾನ ನಿಜಕ್ಕೂ ಹಾರುತ್ತಿವೆ, ಎಷ್ಟು ಬೋಧಕರಿದ್ದಾರೆ, ಕಳೆದ ವರ್ಷ ಸೇರಿದವರಿಗೆ 200 ಗಂಟೆ ಮುಗಿಯಲು ಎಷ್ಟು ತಿಂಗಳು ಬೇಕಾಯಿತು ಎಂದು ಕಚೇರಿಯಲ್ಲಿ ಕೇಳದೆ ಹಾಸ್ಟೆಲ್ ಬಾಗಿಲಲ್ಲಿ ನಿಂತ ಹುಡುಗರನ್ನು ಕೇಳಬೇಕು. ಶುಲ್ಕವನ್ನು ಒಟ್ಟಿಗೆ ಕಟ್ಟದೆ ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಬೇಕು.

ಇಷ್ಟೆಲ್ಲ ಮಾಡುತ್ತ ಕೂತರೆ ವಯಸ್ಸು ಮೀರುತ್ತದೆ ಎಂಬ ಹೆದರಿಕೆ ಹಾಕುವವರು ಇದ್ದೇ ಇರುತ್ತಾರೆ. ವಾಣಿಜ್ಯ ಪೈಲಟ್ 65ರವರೆಗೆ ಹಾರಬಹುದು. 26ಕ್ಕೆ ಕಾಕ್‌ಪಿಟ್ ಸೇರಿದರೂ ಮುಂದೆ 39 ವರ್ಷವಿದೆ. ಈ ಅವಸರ ಸೀಟು ಮಾರುವವರದ್ದು, ಕಸುಬಿನದ್ದಲ್ಲ. ಹಾರಾಟದ ತಯಾರಿಯಲ್ಲಿ ಇಂಧನ ಲೆಕ್ಕ ಹಾಕುವಾಗ ಇಳಿಯಬೇಕಾದ ಊರಿನ ಜೊತೆಗೆ, ಅಲ್ಲಿ ಇಳಿಯಲಾಗದಿದ್ದರೆ ಹೋಗಬೇಕಾದ ಇನ್ನೊಂದು ಊರಿಗೂ ಸಾಲುವಷ್ಟು ತುಂಬಿಸಿಕೊಳ್ಳುತ್ತಾರೆ. ಆ ಲೆಕ್ಕವಿಲ್ಲದೆ ಹೊರಡುವವರನ್ನು ಯಾವ ಬೋಧಕನೂ ಒಪ್ಪುವುದಿಲ್ಲ. ಹಾರಾಟ ಕಲಿಯಲು ಹೊರಟ ಮನೆಗೂ ಅದೇ ಲೆಕ್ಕ ಬೇಕು.

ಬೇಗಂಪೇಟೆಯಿಂದ ಅದೇ ಮೆಟ್ರೊ ಹಿಡಿದು ನಾಂಪಲ್ಲಿಗೆ ಮರಳುವ ಅಪ್ಪ ಮಕ್ಕಳು ಗಾಡಿ ಬರುವವರೆಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರುತ್ತಾರೆ. ಬಗಲಲ್ಲಿ ಈಗ ಎರಡು ಕಾಗದ: ಮಿನುಗುವ ಕರಪತ್ರ, ಮಡಚಿ ಮಡಚಿ ಅಂಚು ಸವೆದ ಪಹಣಿ. "ಏನ್ ಮಾಡೋಣಪ್ಪ?" ಎಂದು ಅಪ್ಪ ಕೇಳುವುದು ಅಲ್ಲಿ. ಅದಕ್ಕೆ ಒಳ್ಳೆಯ ಉತ್ತರವೊಂದಿದೆ: "ಮೊದಲು ಕಣ್ಣು ತೋರಿಸ್ಕೊಂಡು ಬರ್ತೀನಿ, ಪರೀಕ್ಷೆ ಬರೀತೀನಿ. ಹೊಲದ ಮಾತು ಆಮೇಲೆ." ಹಾಗೆ ಹೇಳಬಲ್ಲ ಮಗನಿಗೆ, ಮಗಳಿಗೆ ಪೈಲಟ್ ಕಸುಬಿನ ಮೊದಲ ಪಾಠ ಅಲ್ಲಿಯೇ ಆಗಿರುತ್ತದೆ. ಹೊಲದ ಮಾತು ಯಾರ ಮನೆಯಲ್ಲೂ ಬಾರದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ವಿಮಾನ ಸಂಸ್ಥೆಗಳ ಪಾಠ. ಅವರಿನ್ನೂ ಅದನ್ನು ಕಲಿಯಬೇಕಿದೆ.